ಗುಜರಿಯಿಂದ ಹಳಿಗೆ: ಒಂದು ಕಾರು, ಒಂದು ಲೈನು, ಒಂದು ಲ್ಯಾಂಪು

ಭಾಗ 1/9

ಮೊದಲೇ ಒಪ್ಕೊಂಡ್ಬಿಡ್ತೀನಿ. ಈ ಫೋಟೋದಲ್ಲಿ ಫಳಫಳ ಅಂತಿದೆಯಲ್ಲ ಲ್ಯಾಂಪು, ಅದನ್ನ ಹಾಳು ಮಾಡಿದ್ದು ನಾನೇ.

ಇದು ನಮ್ಮ ಅಜ್ಜಂದು. ರೈಲ್ವೆಯ ಹ್ಯಾಂಡ್ ಸಿಗ್ನಲ್ ಲ್ಯಾಂಪ್. ಸೀಮೆಎಣ್ಣೆ ಹಾಕಿ ಹಚ್ಚೋದು. ಒಳಗಿನ ಗಾಜು ತಿರುಗಿಸಿದ್ರೆ ಕೆಂಪು, ಹಸಿರು, ಬಿಳಿ ಮೂರೂ ಬರುತ್ತೆ. ಅಜ್ಜ ದೇವನಹಳ್ಳಿ ಕಡೆ ನ್ಯಾರೋಗೇಜ್ ಲೈನಲ್ಲಿ ಟ್ರಾಲಿಮನ್ ಆಗಿದ್ರು. ಅವರು ತೀರ್ಕೊಂಡು ನಾಲ್ಕು ವರ್ಷ ಆಯ್ತು. ಲ್ಯಾಂಪು ಅಟ್ಟದ ಮೇಲೆ, ಹಳೇ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದು ಹಾಗೇ ಇತ್ತು.

ಕಳೆದ ಸಲ ಆಯುಧಪೂಜೆಗೆ ನಾನೊಂದು ರೀಲ್ ಹಾಕಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೊದಲು ತುಕ್ಕು, ಆಮೇಲೆ ಹೊಳಪು, ಹಿಂದೆ ಒಂದು ಬಿಜಿಎಂ. ಎಲ್ರೂ ಬೆಂಕಿ ಇಮೋಜಿ ಹಾಕಿದ್ರಿ. ಸ್ಯಾಂಡ್ ಪೇಪರ್ ಹಿಡ್ಕೊಂಡು ಅರ್ಧ ದಿನ ಉಜ್ಜಿ, ಮೇಲೆ ಕಪ್ಪು ಸ್ಪ್ರೇ ಪೇಂಟ್ ಹೊಡೆದಿದ್ದೆ. ಉಜ್ಜುವಾಗ ಬಿಳಿ ಬಣ್ಣದಲ್ಲಿ ಬರೆದ ಒಂದೆರಡು ಇಂಗ್ಲಿಷ್ ಅಕ್ಷರ, ಒಂದು ನಂಬರ್ ಕಂಡಿತ್ತು. 'ಇರಲಿ ಬಿಡು, ಹಳೇ ಬಣ್ಣ' ಅಂತ ಅದನ್ನೂ ಉಜ್ಜಿಹಾಕಿದೆ.

ಆ ನಂಬರ್ ಏನಂತ ಈಗ ಯಾರಿಗೂ ಗೊತ್ತಿಲ್ಲ. ನಾನು ಓದ್ಲೇ ಇಲ್ಲ.

ಈ ಸೀರೀಸ್ ಬರೀತಿರೋದು ಆ ತಪ್ಪಿಗೇ. ಆದ್ರೆ ಕಥೆ ಶುರುವಾಗೋದು ಮೈಸೂರಲ್ಲಿ, ಒಂದು ಕಾರಿನಿಂದ.

ಭಾಗ 2/9

ಮೈಸೂರಿಗೆ ಹೋದ್ರೆ ಎಲ್ರೂ ಅರಮನೆ, ಝೂ, ಚಾಮುಂಡಿಬೆಟ್ಟ ನೋಡ್ಕೊಂಡು ವಾಪಸ್ ಬರ್ತೀವಿ. ರೈಲ್ವೆ ಸ್ಟೇಷನ್ ಹತ್ರಾನೇ, ಕೆಆರ್‌ಎಸ್ ರಸ್ತೆಯಲ್ಲಿ ರೈಲ್ ಮ್ಯೂಸಿಯಂ ಇದೆ. 1979ರಲ್ಲಿ ಶುರುವಾಗಿದ್ದು. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಬಿಟ್ರೆ ದೇಶದಲ್ಲಿ ಇಂಥದ್ದು ಶುರುವಾಗಿದ್ದು ಇಲ್ಲೇ. ಅಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆಮನೆ, ಊಟದ ಜಾಗ ಎಲ್ಲಾ ಇರೋ ರಾಜಮನೆತನದ ಬೋಗಿ. ಸ್ಟೀಮ್ ಎಂಜಿನ್‌ಗಳಿವೆ, ನ್ಯಾರೋಗೇಜಿಂದೂ ಇದೆ.

ಇವೆಲ್ಲದರ ಮಧ್ಯೆ ಒಂದು ಕಾರು ನಿಂತಿದೆ. ರೈಲ್ವೆ ಮ್ಯೂಸಿಯಂನಲ್ಲಿ ಕಾರು ಯಾಕೆ ಅಂತ ಹತ್ರ ಹೋಗಿ ಕೆಳಗೆ ಬಗ್ಗಿ ನೋಡಿದ್ರೆ ಟಯರೇ ಇಲ್ಲ! ಟಯರ್ ಇರಬೇಕಾದ ಕಡೆ ರೈಲಿನ ಕಬ್ಬಿಣದ ಚಕ್ರ. ಇದು 1925ರ ಆಸ್ಟಿನ್ ರೈಲ್ ಮೋಟಾರ್ ಕಾರ್.

ಕಥೆ ಹೀಗಿದೆ. ಈ ಆಸ್ಟಿನ್ ಮೊದಲು ಎಲ್ಲಾ ಕಾರಿನ ಥರ ರಸ್ತೆ ಮೇಲೆ ಓಡಾಡ್ತಿತ್ತು. ಮುದಿಯಾಯ್ತು, ಗುಜರಿಗೆ ಹೋಯ್ತು. ಗುಜರಿಯವನ ಹತ್ರ ಇದನ್ನ ರೈಲ್ವೆ ನೌಕರರೊಬ್ಬರು ಕೊಂಡುಕೊಂಡ್ರು. ಚಕ್ರ ಬದಲಾಯಿಸಿ ಹಳಿ ಮೇಲೆ ಓಡೋ ಹಾಗೆ ಮಾಡಿದ್ರು. ಆಮೇಲೆ ಇದು ಹಳಿ ಪರೀಕ್ಷೆ ಮಾಡೋ ಇನ್‌ಸ್ಪೆಕ್ಷನ್ ಕಾರಾಗಿ ಕೆಲಸ ಮಾಡ್ತು.

ಒಂದು ಪದ ಮತ್ತೆ ಓದಿ: 'ರೈಲ್ವೆ ನೌಕರರೊಬ್ಬರು'. ಕಾರಿಗೆ ಕಂಪನಿ ಹೆಸರಿದೆ, ಇಸವಿ ಇದೆ. ಅದನ್ನ ಗುಜರಿಯಿಂದ ಎತ್ತಿ ತಂದ ಮನುಷ್ಯನಿಗೆ ಹೆಸರಿಲ್ಲ.

ಭಾಗ 3/9

ಕಾರನ್ನ ಹಳಿ ಮೇಲೆ ಓಡಿಸೋದು ಅಂದ್ರೆ ಟಯರ್ ತೆಗೆದು ಕಬ್ಬಿಣದ ಚಕ್ರ ಹಾಕಿದ್ರೆ ಮುಗೀತು ಅನ್ಕೋಬೇಡಿ. ಆ ಮನುಷ್ಯ ಏನೇನು ಯೋಚನೆ ಮಾಡಿರಬೇಕು ನೋಡಿ.

ಒಂದು, ಚಕ್ರದ ಅಂಚು. ರೈಲಿನ ಚಕ್ರದ ಒಳಗಡೆ ಬದಿಯಲ್ಲಿ ಒಂದು ಉಬ್ಬಿದ ಅಂಚಿರುತ್ತೆ, ಫ್ಲ್ಯಾಂಜ್ ಅಂತಾರೆ. ಗಾಡಿ ಹಳಿ ಬಿಟ್ಟು ಪಕ್ಕಕ್ಕೆ ಜಾರದಂಗೆ ತಡೆಯೋದು ಅದೇ.

ಎರಡು, ಅಗಲ. ಎಡ ಬಲ ಚಕ್ರದ ಮಧ್ಯದ ಅಂತರ ಹಳಿಯ ಅಂತರಕ್ಕೆ ಸರಿಯಾಗಿ ಕೂರಬೇಕು. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಗಾಡಿ ಹಳಿ ಮೇಲೆ ನಿಲ್ಲಲ್ಲ.

ಮೂರು, ಸ್ಟೀರಿಂಗ್. ಹಳಿ ಮೇಲೆ ಅದಕ್ಕೆ ಕೆಲಸವೇ ಇಲ್ಲ. ದಾರಿ ತೋರಿಸೋದು ಹಳಿ. ಮುಂದಿನ ಚಕ್ರಗಳು ಆಕಡೆ ಈಕಡೆ ತಿರುಗದಂಗೆ ಬಿಗಿಯಾಗಿ ನಿಲ್ಲಿಸ್ಬೇಕು.

ನಾಲ್ಕು, ಬ್ರೇಕ್. ಕಬ್ಬಿಣದ ಮೇಲೆ ಕಬ್ಬಿಣ ಉರುಳುವಾಗ ತಡೆ ಬಹಳ ಕಮ್ಮಿ. ಅದಕ್ಕೇ ಅಷ್ಟೇ ಪೆಟ್ರೋಲಲ್ಲಿ ಜಾಸ್ತಿ ದೂರ ಹೋಗ್ಬಹುದು. ಆದ್ರೆ ಅದೇ ಕಾರಣಕ್ಕೆ ನಿಲ್ಲಿಸೋಕೂ ಜಾಸ್ತಿ ದೂರ ಬೇಕು. ಮಳೆ ಬಂದು ಹಳಿ ಒದ್ದೆಯಾದ್ರೆ ಇನ್ನೂ ಕಷ್ಟ.

ಐದು, ವಾಪಸ್ ಬರೋದು. ಕಾರಿಗೆ ಮುಂದೆ ಹೋಗೋಕೆ ಗೇರ್ ಹಲವು, ಹಿಂದೆ ಬರೋಕೆ ಒಂದೇ. ಹಳಿ ಮೇಲೆ ಯು-ಟರ್ನ್ ಹೊಡೆಯೋಕಾಗಲ್ಲ. ಒಂದೋ ಊರವರೆಗೂ ರಿವರ್ಸಲ್ಲೇ ಬರಬೇಕು, ಇಲ್ಲಾ ಗಾಡಿ ತಿರುಗಿಸೋಕೆ ಏನಾದ್ರೂ ದಾರಿ ಮಾಡ್ಕೋಬೇಕು.

ಇದನ್ನೆಲ್ಲಾ ಯೂಟ್ಯೂಬ್ ನೋಡ್ಕೊಂಡು ಮಾಡಿದ್ದಲ್ಲ. ಗುಜರಿ ಸಾಮಾನಿಟ್ಕೊಂಡು ಮಾಡಿದ್ದು.

ಭಾಗ 4/9

ಇಷ್ಟೆಲ್ಲಾ ಕಷ್ಟ ಯಾಕೆ ಪಟ್ರು? ಉತ್ತರ ನಮ್ಮ ಅಜ್ಜನ ಕಾಲಲ್ಲಿತ್ತು.

ಹಳಿ ಹಾಕಿಬಿಟ್ರೆ ಆಗಲ್ಲ, ದಿನಾ ನೋಡ್ತಿರಬೇಕು. ಬೋಲ್ಟ್ ಸಡಿಲ ಆಗಿದೆಯಾ, ಜಲ್ಲಿ ಕುಸಿದಿದೆಯಾ, ಸೇತುವೆ ಗಟ್ಟಿಯಾಗಿದೆಯಾ ಅಂತ. ಮೈಲಿಗಟ್ಟಲೆ ಲೈನು ನೋಡೋಕೆ ಇನ್‌ಸ್ಪೆಕ್ಟರ್‌ಗೆ ಕೊಡ್ತಿದ್ದದ್ದು ಪುಷ್ ಟ್ರಾಲಿ. ನಾಲ್ಕು ಚಕ್ರ, ಮೇಲೊಂದು ಬೆಂಚು, ಒಂದು ಕೆಂಪು ಬಾವುಟ. ಸಾಹೇಬ್ರು ಬೆಂಚಿನ ಮೇಲೆ. ಟ್ರಾಲಿಮನ್‌ಗಳು ಹಿಂದಿಂದ ತಳ್ಳೋದು. ಓಡೋದು ಪಕ್ಕದ ನೆಲದ ಮೇಲಲ್ಲ, ಹಳಿಯ ಮೇಲೇ! ನಾಲ್ಕು ಬೆರಳು ಅಗಲ ಇಲ್ಲದ ಕಬ್ಬಿಣದ ಮೇಲೆ ಬರಿಗಾಲಲ್ಲಿ ಓಡಿ, ವೇಗ ಬಂದ್ಮೇಲೆ ಹಾರಿ ಹತ್ತಿಕೊಳ್ಳೋದು. ಎದುರಿಂದ ರೈಲು ಬರೋ ಹೊತ್ತಿಗೆ ಟ್ರಾಲಿಯನ್ನೇ ಎತ್ತಿ ಪಕ್ಕಕ್ಕಿಡೋದು. ಅಜ್ಜನ ಅಂಗಾಲು ಚಪ್ಪಲಿ ಅಟ್ಟೆ ಥರ ಗಟ್ಟಿಯಾಗಿತ್ತು. ಚಿಕ್ಕವಳಿದ್ದಾಗ ನಾನು ಅದನ್ನ ಬೆರಳಲ್ಲಿ ತಟ್ಟಿ ಆಟ ಆಡ್ತಿದ್ದೆ.

ಮೋಟಾರ್ ಇದ್ರೆ ಈ ತಳ್ಳೋ ಕೆಲಸ ತಪ್ಪುತ್ತೆ. ಆಸ್ಟಿನ್ ಹಳಿ ಹತ್ತಿದ್ದರ ಮಹತ್ವ ಅಲ್ಲಿದೆ.

ಇದೇ ಉಪಾಯ ಬೇರೆ ಕಡೆನೂ ನಡೀತು. ಅಮೆರಿಕದ ಕೊಲರಾಡೋದಲ್ಲಿ ರಿಯೋ ಗ್ರಾಂಡೆ ಸದರ್ನ್ ಅನ್ನೋ ಬೆಟ್ಟದ ರೈಲ್ವೆ ಕಂಪನಿ ಇತ್ತು. 1930ರ ದಶಕದ ಆರ್ಥಿಕ ಕುಸಿತ, ಪ್ಯಾಸೆಂಜರ್ ಇಲ್ಲ, ಆದ್ರೆ ಅಂಚೆ ಸಾಗಿಸೋ ಕರಾರು ಬಿಡೋ ಹಾಗಿಲ್ಲ. ಸ್ಟೀಮ್ ಎಂಜಿನ್ ಓಡಿಸಿದ್ರೆ ಲಾಸು. 1931ರಿಂದ ಅವರು ಹಳೇ ಬ್ಯೂಯಿಕ್, ಪಿಯರ್ಸ್-ಆರೋ ಕಾರುಗಳ ಬಾಡಿ ಹಿಡ್ಕೊಂಡು ಹಳಿ ಮೇಲೆ ಓಡೋ ಗಾಡಿ ಕಟ್ಟಿದ್ರು. ಜನ ಅದಕ್ಕೆ 'ಗ್ಯಾಲಪಿಂಗ್ ಗೂಸ್' ಅಂತ ಅಡ್ಡಹೆಸರಿಟ್ರು, ಅಂದ್ರೆ ಕುಪ್ಪಳಿಸಿ ಓಡೋ ಬಾತು. ಕಂಪನಿ ಇನ್ನೂ ಇಪ್ಪತ್ತು ವರ್ಷ ಉಸಿರಾಡಿದ್ದರಲ್ಲಿ ಆ ಬಾತುಗಳ ಪಾಲು ದೊಡ್ಡದು.

ಭಾಗ 5/9

ಈಗ ನಮ್ಮೂರಿನ ಲೈನಿಗೆ ಬರೋಣ.

ದೇವನಹಳ್ಳಿ ಅಂದ್ರೆ ನಿಮಗೆ ಏರ್‌ಪೋರ್ಟ್ ನೆನಪಾಗುತ್ತೆ. ಅದಕ್ಕೂ ತೊಂಬತ್ತು ಚಿಲ್ಲರೆ ವರ್ಷ ಮುಂಚೆ ಇಲ್ಲಿಗೆ ರೈಲು ಬಂದಿತ್ತು. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ, 1915. ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ, ಚಿಕ್ಕಬಳ್ಳಾಪುರ. ಅಲ್ಲಿಂದ ಮುಂದೆ ಕೋಲಾರದ ಮೇಲೆ ಬಂಗಾರಪೇಟೆವರೆಗೂ ಲೈನು ಸೇರ್ಕೊಂತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು.

'ಲೈಟ್' ರೈಲ್ವೆ ಅಂದ್ರೆ ದೀಪ ಅಲ್ಲ, ಹಗುರ ಅಂತ. ಎರಡು ಹಳಿ ಮಧ್ಯದ ಅಂತರ ಬರೀ 762 ಮಿಲಿಮೀಟರ್, ಎರಡೂವರೆ ಅಡಿ. ದೊಡ್ಡಬಳ್ಳಾಪುರದವರೇ, ನಿಮ್ಮೂರ ಮೇಲೆ ಹಿಂದೂಪುರಕ್ಕೆ ಹೋಗ್ತಿದ್ದದ್ದು ಮೀಟರ್‌ಗೇಜ್, ಅಂದ್ರೆ 1,000 ಮಿಲಿಮೀಟರ್. ಈಗಿರೋ ಬ್ರಾಡ್‌ಗೇಜ್ 1,676. ಅಂದ್ರೆ ನಮ್ಮ ಹಳೇ ಲೈನು ಈಗಿನದರ ಅರ್ಧಕ್ಕಿಂತಲೂ ಕಿರಿದು.

ಯಾಕೆ ಅಷ್ಟು ಚಿಕ್ಕದು? ದುಡ್ಡು ಕಣ್ರಪ್ಪ. ಗೇಜ್ ಕಿರಿದಾದ್ರೆ ಹಳಿ ಹಗುರ, ಸೇತುವೆ ಚಿಕ್ಕದು, ಜಾಗ ಕಮ್ಮಿ, ತಿರುವು ಹೆಚ್ಚಿದ್ರೂ ನಡಿಯುತ್ತೆ. ದೊಡ್ಡ ಲೈನು ಹಾಕೋಷ್ಟು ಸಾಮಾನು, ಜನ ಇಲ್ಲದ ಕಡೆಗೂ ರೈಲು ತರೋಕೆ ಅದೇ ದಾರಿ. ಆದ್ರೆ ಅದೇ ಮುಂದೆ ತೊಂದರೆನೂ ಆಯ್ತು. ಬೇರೆ ಗೇಜಿನ ವ್ಯಾಗನ್ ಈ ಹಳಿ ಹತ್ತಲ್ಲ. ಯಲಹಂಕದಲ್ಲೋ ಬಂಗಾರಪೇಟೆಯಲ್ಲೋ ಮೂಟೆ ಇಳಿಸಿ ಇನ್ನೊಂದಕ್ಕೆ ಹೊರಬೇಕು. ರಸ್ತೆ ಮೇಲೆ ಲಾರಿ ಬಂದ್ಮೇಲೆ ಈ ಗೋಳು ಯಾರಿಗೆ ಬೇಕು?

ಅಜ್ಜಿ ಹೇಳ್ತಾರೆ, 'ಗಾಡಿ ನಿಧಾನ ಹೋಗೋದು ಕಣಮ್ಮ. ನಂದಿ ಹತ್ರ ಏರಿನಲ್ಲಿ ಇಳಿದು ಕಡ್ಲೆಕಾಯಿ ತಗೊಂಡು ಮತ್ತೆ ಹತ್ತಬಹುದಿತ್ತು.' ಇದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ಅಜ್ಜಿಗೇ ಗೊತ್ತು.

ಭಾಗ 6/9

1992ರಲ್ಲಿ ರೈಲ್ವೆ ಯುನಿಗೇಜ್ ಯೋಜನೆ ತಂತು. ದೇಶದ ತುಂಬಾ ಆದಷ್ಟೂ ಒಂದೇ ಗೇಜ್ ಇರಲಿ ಅಂತ. ಸರಿಯಾದ ಯೋಚನೆನೇ. ಆ ದಶಕದಲ್ಲಿ ನಮ್ಮ ನ್ಯಾರೋಗೇಜ್ ಮುಚ್ಚಿತು, ಯಲಹಂಕ–ಚಿಕ್ಕಬಳ್ಳಾಪುರ ಬ್ರಾಡ್‌ಗೇಜ್ ಆಯ್ತು. ಬಂಗಾರಪೇಟೆ–ಕೋಲಾರ ಮಧ್ಯೆ ಬ್ರಾಡ್‌ಗೇಜ್ ಆದ್ಮೇಲೆ ವರ್ಷಗಟ್ಟಲೆ ಓಡಿದ್ದು ಏನು ಗೊತ್ತಾ? ರೈಲ್‌ಬಸ್! ಬಸ್ಸಿನ ಥರದ ಒಂದೇ ಡಬ್ಬಿ, ಡೀಸೆಲ್ ಎಂಜಿನ್, ಹಳಿ ಮೇಲೆ. ಆಸ್ಟಿನ್‌ನ ಉಪಾಯವೇ ಬೇರೆ ವೇಷದಲ್ಲಿ ವಾಪಸ್ ಬಂದಂಗೆ. ಕೋಲಾರ–ಚಿಕ್ಕಬಳ್ಳಾಪುರ ಬ್ರಾಡ್‌ಗೇಜ್ ಮುಗಿಯೋ ಹೊತ್ತಿಗೆ 2013 ಆಗಿತ್ತು.

ಈಗ ಒಂದು ಹೋಲಿಕೆ. ಹರಿಯಾಣದ ಕಾಲ್ಕಾದಿಂದ ಶಿಮ್ಲಾಗೆ ಹೋಗೋ ಬೆಟ್ಟದ ರೈಲು 1903ರದು. ಅದರ ಗೇಜ್ ಎಷ್ಟು ಗೊತ್ತಾ? 762 ಮಿಲಿಮೀಟರ್. ನಮ್ಮ ದೇವನಹಳ್ಳಿ ಲೈನಿನಷ್ಟೇ. ಅಲ್ಲಿ ಹತ್ತಿಪ್ಪತ್ತು ಜನ ಕೂರೋ ಹಳೇ ರೈಲ್ ಮೋಟಾರ್ ಕಾರ್ ಉಳಿಸ್ಕೊಂಡಿದ್ದಾರೆ, ಪ್ರವಾಸಿಗರು ದುಡ್ಡು ಕೊಟ್ಟು ಹತ್ತುತಾರೆ. 2008ರಲ್ಲಿ ಆ ಲೈನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರ್ತು. ಅದೇ ವರ್ಷ ನಮ್ಮಲ್ಲಿ ಏರ್‌ಪೋರ್ಟ್ ಶುರುವಾಯ್ತು.

ನಮ್ಮದನ್ನೂ ಹಾಗೇ ಇಟ್ಕೋಬೇಕಿತ್ತು ಅಂತ ನಾನು ಹೇಳಲ್ಲ. ಶಿಮ್ಲಾಗೆ ಬೆಟ್ಟ ಇದೆ, ಟೂರಿಸ್ಟ್ ಇದ್ದಾರೆ. ನಮಗೆ ದಿನಾ ಕೆಲಸಕ್ಕೆ ಹೋಗೋರಿಗೆ ದೊಡ್ಡ ರೈಲೇ ಬೇಕು. ಬ್ರಾಡ್‌ಗೇಜ್ ಬಂದಿದ್ದರಿಂದಲೇ 2021ರಲ್ಲಿ ಏರ್‌ಪೋರ್ಟ್ ಹತ್ರ ಹಾಲ್ಟ್ ಸ್ಟೇಷನ್ ಆಯ್ತು. ಲೈನು ಬದಲಾಗಲಿ. ಆದ್ರೆ ಆ ಲೈನಿನ ನೆನಪು ಕೆಜಿ ಲೆಕ್ಕದಲ್ಲಿ ಹೋಗಬೇಕಿತ್ತಾ?

ಭಾಗ 7/9

ಬಿಕಾಂ ಫ್ರೆಂಡ್ಸ್, ಇದು ನಮಗೆ.

ಸವಕಳಿ ಲೆಕ್ಕ ನೆನಪಿದೆಯಲ್ಲ? 1,000 ರೂಪಾಯಿ ಮಷಿನು, 10 ವರ್ಷ ಆಯಸ್ಸು, ಸ್ಕ್ರ್ಯಾಪ್ ವ್ಯಾಲ್ಯೂ 100. ವರ್ಷಕ್ಕೆ 90 ಕಳೀತಾ ಹೋಗು. ಹತ್ತನೇ ವರ್ಷ ಪುಸ್ತಕದಲ್ಲಿ ಉಳಿಯೋದು 100. ಆಮೇಲೆ ಆ ವಸ್ತುವಿನ ಬಗ್ಗೆ ಲೆಕ್ಕದ ಪುಸ್ತಕಕ್ಕೆ ಆಸಕ್ತಿ ಇಲ್ಲ. ಆಸ್ಟಿನ್ ಕಥೆ ಶುರುವಾಗಿದ್ದೇ ಅಲ್ಲಿ, ಪುಸ್ತಕ ಮುಚ್ಚಿದ ಮೇಲೆ.

ಹಾಗಾದ್ರೆ ಹಳೇದನ್ನ ಉಳಿಸೋದು ಹೇಗೆ? ನಾನು ಮಾಡಿದ್ದರ ಉಲ್ಟಾ ಮಾಡಬೇಕು.

ಮೊದಲು ಮುಟ್ಟಬೇಡಿ. ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಕಾರಾದ್ರೆ ಚಾಸಿ ನಂಬರ್, ಎಂಜಿನ್ ನಂಬರ್ ಹುಡುಕಿ ಬರ್ಕೊಳ್ಳಿ. ಎರಕದ ಭಾಗಗಳ ಮೇಲಿನ ಗುರುತು ನೋಡಿ. ಈಗ ಕೆಲಸಕ್ಕೆ ಬಾರದ ತೂತುಗಳನ್ನೂ ಗಮನಿಸಿ. ಆ ಜಾಗದಲ್ಲಿ ಮುಂಚೆ ಏನೋ ಇತ್ತು ಅಂತ ಅರ್ಥ. ಬಣ್ಣ ಕೆರೆಯೋ ಮುಂಚೆ ಕಾಣದ ಮೂಲೆಯಲ್ಲಿ ಒಂದು ಚಿಕ್ಕ ಜಾಗ ಮಾತ್ರ ಮೆಲ್ಲಗೆ ಬಿಡಿಸಿ ನೋಡ್ತಾರೆ. ಈರುಳ್ಳಿ ಥರ ಪದರ ಪದರ. ಮೇಲಿನದು ಕೊನೇ ಮಾಲೀಕ, ಅಡೀದು ಮೊದಲ ಮಾಲೀಕ. ಆ ಪದರಗಳೇ ಅದರ ಚರಿತ್ರೆ. ಪೂರ್ತಿ ಉಜ್ಜಿದ್ರೆ ವಸ್ತು ಹೊಸದಾಗುತ್ತೆ, ಚರಿತ್ರೆ ಪುಡಿಯಾಗಿ ಕಸದ ಬುಟ್ಟಿಗೆ ಹೋಗುತ್ತೆ.

ಕೊಲರಾಡೋದ 5ನೇ ನಂಬರ್ ಬಾತು ವರ್ಷಗಟ್ಟಲೆ ಡೊಲೊರೆಸ್ ಅನ್ನೋ ಊರಿನ ಪಾರ್ಕಲ್ಲಿ ಬರೀ ಶೋಗೆ ನಿಂತಿತ್ತು. ಅಲ್ಲಿನ ಇತಿಹಾಸ ಆಸಕ್ತರೇ ಸೇರಿ 1998ರಲ್ಲಿ ಅದನ್ನ ಮತ್ತೆ ಹಳಿ ಮೇಲೆ ಓಡೋ ಹಾಗೆ ಮಾಡಿದ್ರು.

ನಮ್ಮಲ್ಲೂ ಆಗಿದೆ. ನಂದಿ, ಆವತಿ, ದೇವನಹಳ್ಳಿ, ದೊಡ್ಡಜಾಲದ ಹಳೇ ಸ್ಟೇಷನ್ ಕಟ್ಟಡಗಳನ್ನ ಉಳಿಸೋ ಕೆಲಸ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಗೆತ್ಕೊಂಡಿತು. ನಂದಿ ಹಾಲ್ಟ್‌ನ ಮಂಗಳೂರು ಹೆಂಚಿನ ಮಾಡು ನೋಡಿದೀರಾ? ಬೆಳಗಾಗೆದ್ದು ಬೆಟ್ಟಕ್ಕೆ ಬೈಕಲ್ಲಿ ಹೋಗೋರು ವಾಪಸ್ ಬರುವಾಗ ಹತ್ತು ನಿಮಿಷ ಅಲ್ಲೂ ನಿಲ್ಲಿಸಿ.

ಭಾಗ 8/9

ಇದನ್ನೆಲ್ಲಾ ಓದ್ಕೊಂಡ ಮೇಲೆ ಲ್ಯಾಂಪ್ ಎತ್ಕೊಂಡು ಅಜ್ಜಿ ಹತ್ರ ಹೋದೆ. ತಪ್ಪಾಯ್ತು ಅಂತ ಹೇಳ್ದೆ. ಅಜ್ಜಿ ಬೈಲಿಲ್ಲ. ಲ್ಯಾಂಪನ್ನ ತೊಡೆ ಮೇಲಿಟ್ಕೊಂಡು ತಳ ಸವರ್ತಾ ಕೂತ್ರು. ಅಜ್ಜಿಗೆ ಕಣ್ಣು ಮಂಜು. ಬೆರಳಲ್ಲೇ ನೋಡೋದು.

'ಇಲ್ಲೇನೋ ಉಬ್ಬುತಗ್ಗು ಐತಲ್ಲಮ್ಮ' ಅಂದ್ರು.

ತಳದಲ್ಲಿ ಸ್ಪ್ರೇ ಪೇಂಟ್ ಕೆಳಗೆ ನನಗೆ ಏನೂ ಕಾಣ್ತಿರಲಿಲ್ಲ. ಈ ಸಲ ಕೆರೆಯೋಕೆ ಹೋಗ್ಲಿಲ್ಲ. ತೆಳು ಪೇಪರ್ ಇಟ್ಟು ಮೇಲೆ ಪೆನ್ಸಿಲ್ ಅಡ್ಡಡ್ಡ ತಿಕ್ಕಿದೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡ್ತಿದ್ವಲ್ಲ, ಹಾಗೆ. ನಿಧಾನಕ್ಕೆ ಮೂರು ಇಂಗ್ಲಿಷ್ ಅಕ್ಷರ ಎದ್ದು ಬಂತು: ಎಂ, ಎಸ್, ಆರ್.

ಮೈಸೂರು ಸ್ಟೇಟ್ ರೈಲ್ವೆ!

ಗೊತ್ತಿಲ್ಲದವರಿಗೆ: ನಮ್ಮ ಮೈಸೂರು ಸಂಸ್ಥಾನಕ್ಕೆ ಅದರದೇ ರೈಲ್ವೆ ಇತ್ತು. ಸ್ವಾತಂತ್ರ್ಯ ಬಂದ್ಮೇಲೆ ಅದು ಭಾರತೀಯ ರೈಲ್ವೆಗೆ ಸೇರ್ತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ಅಂತ ಹೊಸ ವಲಯ ಆದಾಗ ಮೈಸೂರು ಸ್ಟೇಟ್ ರೈಲ್ವೆ ಅದರೊಳಗೆ ಸೇರಿಹೋಯ್ತು. ಅಂದ್ರೆ ಈ ಲ್ಯಾಂಪು ಅದಕ್ಕಿಂತ ಮುಂಚಿನದು. ನಮ್ಮಜ್ಜ ಕೆಲಸಕ್ಕೆ ಸೇರಿದ್ದು 1964ರಲ್ಲಿ. ಅವರಿಗಿಂತ ಮುಂಚೆ ಇದನ್ನ ಹಿಡಿದವರು ಬೇರೆ ಯಾರೋ ಇದ್ರು. ನಾನು ಉಜ್ಜಿಹಾಕಿದ ಬಿಳಿ ಅಕ್ಷರ, ನಂಬರು ಬಹುಶಃ ಅವರ ಮತ್ತು ಅಜ್ಜನ ಮಧ್ಯದ ಕೊಂಡಿ.

'ಇದು ಮನೆಗೆ ಹೆಂಗೆ ಬಂತು ಅಜ್ಜಿ? ರೈಲ್ವೆಯವರು ಕೊಟ್ರಾ?'

'ಯಾರ್ ಕೊಡ್ತಾರೆ? ಲೈನು ಮುಚ್ಚಿದಾಗ ಹಳೇ ಸಾಮಾನೆಲ್ಲಾ ಗುಜರಿಗೆ ಹೋಯ್ತು. ನಿಮ್ಮ ತಾತ ಗುಜರಿ ಅಂಗಡಿಗೋಗಿ ದುಡ್ಡು ಕೊಟ್ಟು ತಗಂಬಂದ್ರು. ಮನೇಲಿ ಅಕ್ಕಿ ಇಲ್ಲ, ಇದ್ಯಾಕೆ ತಂದ್ರಿ ಅಂತ ನಾನು ಜಗಳ ಆಡಿದ್ದೆ.'

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಭಾಗ 9/9

ಮೈಸೂರಲ್ಲಿ ಆ ಕಾರಿನ ಮುಂದೆ ನಿಂತಾಗ 'ರೈಲ್ವೆ ನೌಕರರೊಬ್ಬರು' ಅನ್ನೋ ಪದ ನನಗೆ ಚುಚ್ಚಿತ್ತು. ಹೆಸರು ಬರೆದಿಡೋಕೆ ಏನು ಕಷ್ಟ ಅಂತ ಅನ್ಸಿತ್ತು. ಈಗ ಅನ್ಸೋದೇ ಬೇರೆ. ನಮ್ಮ ಮನೆಯಲ್ಲೇ, ಗುಜರಿಯಿಂದ ರೈಲ್ವೆ ಸಾಮಾನು ಬಿಡಿಸಿ ತಂದ ಒಬ್ಬ ನೌಕರ ಇದ್ರು. ಅವರು ಕೈಗೆ ಸಿಗೋ ಹಾಗಿದ್ದಾಗ ನಾನು ಒಂದು ಪ್ರಶ್ನೆನೂ ಕೇಳಲಿಲ್ಲ. ಕೊನೆಗೆ ಅವರ ನಂಬರನ್ನೂ ನನ್ನ ಕೈಯಾರೆ ಅಳಿಸಿದೆ.

ಹೆಸರು ಕಳೆದುಹೋಗೋದು ದೊಡ್ಡ ಬೆಂಕಿ, ಪ್ರವಾಹದಲ್ಲೇ ಆಗಬೇಕಿಲ್ಲ. ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗಲೂ ಆಗುತ್ತೆ. ಪ್ರೀತಿಯಿಂದಲೇ ಆಗುತ್ತೆ.

ಅದಕ್ಕೇ ನನ್ನದೊಂದು ರಿಕ್ವೆಸ್ಟ್. ಈ ಹಬ್ಬಕ್ಕೆ ಅಟ್ಟ ಇಳಿಸ್ತೀರಲ್ಲ, ಮಗ್ಗದ ಲಾಳಿ, ಹಳೇ ತಕ್ಕಡಿ, ಸೇರು, ರೇಡಿಯೋ, ಏನೇ ಸಿಗಲಿ. ದೊಡ್ಡಬಳ್ಳಾಪುರದ ನೇಕಾರರ ಮನೆಯವರು ಅಂತೂ ಹುಷಾರು, ನಿಮ್ಮನೇಲಿ ನಿಧಿನೇ ಇರುತ್ತೆ. ಉಜ್ಜೋ ಮುಂಚೆ ಫೋಟೋ ತೆಗೀರಿ. ತಳ ತಿರುಗಿಸಿ ನೋಡಿ. ಅಕ್ಷರ ಇದ್ರೆ ಪೇಪರ್ ಇಟ್ಟು ಪೆನ್ಸಿಲ್ ತಿಕ್ಕಿ. ಒದ್ದೆ ಬಟ್ಟೆ ಸಾಕಾದ್ರೆ ಸ್ಯಾಂಡ್ ಪೇಪರ್ ಮುಟ್ಟಬೇಡಿ. ಆಮೇಲೆ ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಪಕ್ಕ ಕೂತು ಮೂರು ಪ್ರಶ್ನೆ ಕೇಳಿ: ಯಾರದು? ಎಲ್ಲಿಂದ ಬಂತು? ಯಾಕೆ ಇಟ್ಕೊಂಡ್ರಿ? ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಾಳೆ ಕೇಳೋಣ ಅನ್ಬೇಡಿ.

ನಾನು ಸ್ಪ್ರೇ ಪೇಂಟ್ ತೆಗೀತಿಲ್ಲ. ಅದೂ ಈಗ ಆ ಲ್ಯಾಂಪಿನ ಒಂದು ಪದರ, ನನ್ನ ಪೆದ್ದತನದ ಪದರ. ಬದಲಿಗೆ ಒಂದು ಪೋಸ್ಟ್‌ಕಾರ್ಡ್ ಅಳತೆಯ ಚೀಟಿ ಬರೆದು ದಾರದಲ್ಲಿ ಹಿಡಿಗೆ ಕಟ್ಟಿದ್ದೀನಿ. ಅಜ್ಜನ ಪೂರ್ತಿ ಹೆಸರು, ಕೆಲಸ, ಸೇರಿದ ವರ್ಷ, ಎಂಎಸ್‌ಆರ್ ಅನ್ನೋ ಗುರುತು, ಗುಜರಿ ಅಂಗಡಿ ವಿಷಯ, ಅಜ್ಜಿ ಜಗಳ ಆಡಿದ್ದು. ಕೊನೇ ಸಾಲಲ್ಲಿ: 'ಬಣ್ಣ ಉಜ್ಜಿದ್ದು ಮೊಮ್ಮಗಳು.' ಅದರ ಕೆಳಗೆ ನನ್ನ ಹೆಸರು.

ನಿಮ್ಮನೇಲಿ ಏನ್ ಸಿಕ್ತು ಅಂತ ಕಾಮೆಂಟಲ್ಲಿ ಹೇಳಿ. ಯಾರದು ಅಂತ ಹೆಸರು ಸಮೇತ.

#ದೇವನಹಳ್ಳಿ #ನ್ಯಾರೋಗೇಜ್ #ಮೈಸೂರುರೈಲ್ವೆ #ಅಜ್ಜನಲ್ಯಾಂಪು #ಉಜ್ಜೋಮುಂಚೆಓದಿ